ಹತ್ತು ನಿಮಿಷದ ಬಾಗಿಲು

ಕೊನೆಯ ಸಾಲಿನ ಎಂಟರನ್ನು ಸರ್ ತಾವೇ ಒತ್ತುತ್ತಿರಲಿಲ್ಲ. ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಅದನ್ನು ಮನೆಯ ಇಂಟರ್‌ನೆಟ್ಟಿಗೆ ಕಾವಲು ನಿಲ್ಲಿಸಿ ಕೊಡುವುದು ಅವರ ಕೆಲಸ. ಆ ಕಾವಲಿಗೆ ಫೈರ್‌ವಾಲ್ ಎಂದು ಹೆಸರು. ಎರಡು ಮೂರು ತಾಸು ಕೂತು, ಹೊರಗಿನಿಂದ ಯಾವುದು ಒಳಗೆ ಬರಬಹುದು, ಯಾವುದು ಬರಬಾರದು ಎಂದು ಒಂದೊಂದೇ ಸಾಲು ಹೊಡೆಯುತ್ತಿದ್ದರು. ‘ಉಳಿದದ್ದೆಲ್ಲ ಬಂದ್’ ಎಂಬ ಅರ್ಥದ ಕೊನೆಯ ಸಾಲು ಹೊಡೆದದ್ದೇ ತಡ, ಕುರ್ಚಿ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಅಲ್ಲಿಂದಲೇ ಕೂಗಿ ಹೇಳಿ ಮನೆಯವರ ಕೈಯಿಂದ ಎಂಟರ್ ಒತ್ತಿಸುತ್ತಿದ್ದರು.

ಇದೊಂದು ಶಾಸ್ತ್ರ ಇರಬೇಕೆಂದೇ ನಮ್ಮ ಕಡೆಯ ಜನ ತಿಳಿದಿದ್ದರು. ಹೊಸ ಅಂಗಡಿಯ ಶಟರ್ ಎತ್ತುವಾಗ ಮನೆಯ ಹಿರಿಯರನ್ನು ಮುಂದೆ ಮಾಡುವುದಿಲ್ಲವೇ, ಹಾಗೆ. ನಿಲಂಗಾದ ವಕೀಲರೊಬ್ಬರ ಮನೆಯಲ್ಲಂತೂ ಎಂಬತ್ತು ದಾಟಿದ ಅಜ್ಜಿಯನ್ನು ಕರೆತಂದು ಕೂರಿಸಿ, ಎಂಟರ್ ಕೀಲಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಒತ್ತಿಸಿದರಂತೆ. ಕುಂಕುಮ ಕೀಲಿಯ ಸಂದಿಗೆ ಇಳಿದು ಮರುದಿನದಿಂದ ಅದು ಒತ್ತಿದರೆ ಮೇಲೇಳುತ್ತಿರಲಿಲ್ಲ. ಮುಂದಿನ ಶನಿವಾರ ಅವರೇ ಹೋಗಿ ಕೀಬೋರ್ಡ್ ಬಿಚ್ಚಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಕೊಟ್ಟು ಬಂದಿದ್ದರು. ಅಜ್ಜಿಗೆ ಬೇಸರವಾಗಬಾರದೆಂದು ಕುಂಕುಮದ ಸುದ್ದಿ ಎತ್ತಲಿಲ್ಲ, ಕೀಬೋರ್ಡಿಗೆ ಧೂಳು ಹೊಕ್ಕಿತ್ತು ಅಂದರಂತೆ.

ಎಲ್ಲರೂ ಅವರನ್ನು ‘ಸರ್’ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಉದಗೀರದಲ್ಲಿ ಹುಡುಗರಿಗೆ ರೇಡಿಯೋ, ಟೀವಿ ರಿಪೇರಿ ಕಲಿಸುವ ಒಂದು ಶಾಲೆಯ ಮೇಷ್ಟ್ರು. ವಾರವಿಡೀ ಅಲ್ಲೊಂದು ಬಾಡಿಗೆ ಕೋಣೆ. ಹೆಂಡತಿ, ಮಗಳು ಇದ್ದದ್ದು ಸಾಸ್ತೂರಿನಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಉದಗೀರದಿಂದ ನಿಲಂಗಾ, ನಿಲಂಗಾದಿಂದ ಉಮರ್ಗಾ, ಅಲ್ಲಿಂದ ಸಾಸ್ತೂರು ಎಂದು ಮೂರು ಬಸ್ಸು ಬದಲಿಸಿ ಮನೆಗೆ ಹೋಗುವವರು. ಬಸ್ಸು ಬದಲಿಸುವ ಊರುಗಳಲ್ಲಿ ಯಾರಾದರೂ ಕರೆದರೆ ಇಳಿದು ಅವರ ಮನೆಯ ಕಾವಲಿನ ಡಬ್ಬಿ ನೋಡಿ ಮುಂದಿನ ಬಸ್ಸು ಹಿಡಿಯುತ್ತಿದ್ದರು. ಹೆಗಲಿಗೊಂದು ರೆಕ್ಸಿನ್ ಚೀಲ. ಅದರಲ್ಲಿ ಸ್ಕ್ರೂಡ್ರೈವರು, ವೈರಿನ ತುದಿ ಕಚ್ಚಿಸುವ ಇಕ್ಕಳ, ಮರಾಠಿ ಪೇಪರಿನಲ್ಲಿ ಸುತ್ತಿದ ನೆಟ್‌ವರ್ಕ್ ಕಾರ್ಡುಗಳು, ಹೆಂಡತಿಗೆಂದು ಉದಗೀರದ ಬಜಾರಿನಿಂದ ತಂದ ಏನಾದರೊಂದು. ಅವರ ತಾಯಿಯ ತವರು ಆಳಂದದ ಕಡೆ. ಹಾಗಾಗಿ ನಮ್ಮೊಂದಿಗೆ ಕನ್ನಡ, ನನ್ನ ಗಂಡನ ಬಟ್ಟೆ ಅಂಗಡಿಯಲ್ಲಿ ಕೂತ ಗಿರಾಕಿಗಳೊಂದಿಗೆ ಮರಾಠಿ, ತಲೆ ಕೆಟ್ಟಾಗ ಕಂಪ್ಯೂಟರಿನೊಂದಿಗೆ ಉರ್ದು ಮಾತಾಡುತ್ತಿದ್ದರು.

ಅವರು ನಮ್ಮ ಮನೆಗೆ ಬಂದದ್ದು ನನ್ನ ಹೆದರಿಕೆಯ ದೆಸೆಯಿಂದ. ನಾನು ಹುಟ್ಟು ಪುಕ್ಕಲಿ. ನಮ್ಮ ಸೀಮೆಯ ಎಷ್ಟೋ ಊರುಗಳನ್ನು ನೆಲಸಮ ಮಾಡಿದ ತೊಂಬತ್ತಮೂರರ ಭೂಕಂಪದ ವರ್ಷ ಗುಂಜೋಟಿಯ ನಮ್ಮ ತವರುಮನೆಯ ಒಂದು ಗೋಡೆ ಬಿತ್ತು, ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅಪ್ಪನ ಧೈರ್ಯ ಬಿದ್ದುಹೋಯಿತು. ಇರುವಾಗಲೇ ಮಕ್ಕಳದು ಮುಗಿಸಿಬಿಡಬೇಕು ಎನ್ನುವ ಗಡಿಬಿಡಿ ಆಗ ಎಲ್ಲರಿಗೂ ಇತ್ತು. ಬಿ.ಎಸ್ಸಿ. ಎರಡನೇ ವರ್ಷದ ಪುಸ್ತಕ ಕಟ್ಟಿಟ್ಟು ಉಮರ್ಗಾದ ಈ ಮನೆಗೆ ಸೊಸೆಯಾಗಿ ಬಂದೆ. ಕೆಳಗೆ ಅಂಗಡಿ, ಹಿಂದೆ ಅಂಗಳ, ಮೇಲೆ ಮನೆ. ಇಲ್ಲಿ ಬಂದು ನೋಡಿದರೆ ಅತ್ತೆ ನನಗಿಂತ ಒಂದು ಕೈ ಮೇಲು. ದಿನಾ ದೀಪ ಹಚ್ಚಿದ ಮೇಲೆ ಹಿತ್ತಾಳೆಯ ಚೊಂಬನ್ನು ಬೋರಲು ಹಾಕಿ, ಅದರ ಮೇಲೆ ಸ್ಟೀಲ್ ಲೋಟ ಇಡುತ್ತಿದ್ದರು. ನೆಲ ಅಲುಗಿದರೆ ಲೋಟ ಬಿದ್ದು ಸದ್ದಾಗಬೇಕು, ನಾವೆಲ್ಲ ಓಡಬೇಕು ಎಂಬ ಲೆಕ್ಕ. ಬೆಕ್ಕು ಬೀಳಿಸಿದ ಲೋಟಕ್ಕೆ ನಾವು ಅಂಗಳಕ್ಕೆ ಓಡಿದ್ದು ಎಷ್ಟು ಸಲವೋ.

ಹದಿನೈದು ವರ್ಷ ಕಳೆದ ಮೇಲೆ ನನಗೊಂದು ಕೆಲಸ ಸಿಕ್ಕಿತು. ದೂರದ ಆಸ್ಪತ್ರೆಗಳ ಡಾಕ್ಟರುಗಳು ರೋಗಿಯನ್ನು ನೋಡಿ ಹೇಳಿದ ಮಾತು ಇಂಟರ್‌ನೆಟ್ಟಿನಲ್ಲಿ ಧ್ವನಿಯಾಗಿ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ, ಟೈಪ್ ಮಾಡಿ ಕಳಿಸಬೇಕು. ಪುಣೆಯ ಒಂದು ಕಂಪನಿಯವರು ಪರೀಕ್ಷೆ ಮಾಡಿ ನನ್ನನ್ನು ತೆಗೆದುಕೊಂಡಿದ್ದರು. ಕಟ್ಟಿಟ್ಟ ಬಿ.ಎಸ್ಸಿ. ಪುಸ್ತಕದ ಶಬ್ದಗಳು, ಯಕೃತ್ತು, ಮೂತ್ರಪಿಂಡ, ಅಪಧಮನಿ, ಇಂಗ್ಲಿಷಿನ ವೇಷದಲ್ಲಿ ಒಂದೊಂದಾಗಿ ನನ್ನ ಕಿವಿಗೆ ಮರಳಿ ಬಂದವು. ನಾನು ಆಗ ಎಷ್ಟು ಖುಷಿಯಾಗಿದ್ದೆ ಎಂದು ಯಾರಿಗೂ ಹೇಳಲಿಲ್ಲ, ಹೇಳಿದರೆ ದೃಷ್ಟಿ ತಾಗೀತೆಂದು.

ಒಂದು ದಿನ ಕಂಪನಿಯ ಮೇಲ್ವಿಚಾರಕಿಯ ಫೋನ್ ಬಂತು. ರೋಗಿಗಳ ಖಾಸಗಿ ಸಂಗತಿ ಮನೆಯ ಕಂಪ್ಯೂಟರಿನಲ್ಲಿ ಇರುವುದರಿಂದ, ಮನೆಯಿಂದ ಕೆಲಸ ಮಾಡುವವರೆಲ್ಲ ಬೇರೆ ಫೈರ್‌ವಾಲ್ ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಕೆಲಸ ಇಲ್ಲ ಎಂದು. ನನಗೆ ಆ ಶಬ್ದದ ಅರ್ಥವೂ ಗೊತ್ತಿರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ನಿಲಂಗಾದ ವಕೀಲರು ನಮ್ಮ ಅಂಗಡಿಯ ಗಿರಾಕಿ, ಅವರು ಹೇಳಿದ ಮೇಲೆ ಸರ್ ಬಂದರು.

ಮೊದಲ ದಿನವೇ ನನ್ನ ಮುಖ ನೋಡಿ ಇವಳಿಗೆ ಕೆಲಸಕ್ಕಿಂತ ಮೊದಲು ಧೈರ್ಯ ಬೇಕು ಎಂದು ಅವರಿಗೆ ಗೊತ್ತಾಗಿರಬೇಕು. ಚಹಾ ಕುಡಿಯುತ್ತ, ನಮ್ಮ ಮನೆಯನ್ನೇ ತೋರಿಸಿ ಪಾಠ ಮಾಡಿದರು. ಅಂಗಡಿಗೆ ಯಾರು ಬೇಕಾದರೂ ಬರಬಹುದು, ಮೇಲಿನ ಮನೆಗೆ ಕರೆದವರು ಮಾತ್ರ. ನಡುವಿನ ಮೆಟ್ಟಿಲ ಹತ್ತಿರ ಒಬ್ಬ ಆಳು ಕೂತು ಕೇಳಬೇಕು, ಯಾರು, ಯಾಕೆ ಬಂದಿರಿ, ಯಾರು ಕರೆದರು ಅಂತ. ಆ ಆಳೇ ಈ ಡಬ್ಬಿ. ಅತ್ತೆ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಅಂದಿನಿಂದ ಅದನ್ನು ‘ಚೌಕೀದಾರ’ ಎಂದು ಕರೆಯತೊಡಗಿದರು. ನನ್ನ ಗಂಡ ಅಟ್ಟಕ್ಕೆ ಹಾಕಿದ್ದ ಹಳೆಯ ಕಂಪ್ಯೂಟರಿಗೆ ಸರ್ ಎರಡು ನೆಟ್‌ವರ್ಕ್ ಕಾರ್ಡು ಕೂರಿಸಿದರು. ಹೊರಗಿನಿಂದ ಬರುವ ವೈರಿಗೆ ಕೆಂಪು ದಾರ ಕಟ್ಟಿದರು, ಒಳಗಿನದಕ್ಕೆ ಬಿಳಿ ದಾರ. ಕೊನೆಯ ಸಾಲಿಗೆ ಅಂಗಳಕ್ಕೆ ಇಳಿದರು. ಎಂಟರ್ ನಾನು ಒತ್ತಿದೆ.

ಬರೆದದ್ದನ್ನು ಅವರು ಎಂದೂ ಅಳಿಸುತ್ತಿರಲಿಲ್ಲ. ಒಂದು ಸಾಲು ಬೇಡವಾದರೆ ಅದರ ಮುಂದೆ ಎರಡು ಅಡ್ಡ ಎರಡು ಉದ್ದ ಗೆರೆಯ ಒಂದು ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆದಿಡುತ್ತಿದ್ದರು. ಅದೂ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕಡೆಯ ಕನ್ನಡ. ಅಳಿಸಿದರೆ ಫೈಲು ಸ್ವಚ್ಛ ಆಗುವುದಿಲ್ಲವೇ ಎಂದು ನಾನು ಕೇಳಿದ್ದೆ.

“ಅಳಿಸಬ್ಯಾಡ್ರಿ ವೈನಿ,” ಅಂದರು; ನನ್ನನ್ನು ಅತ್ತಿಗೆಯೆಂಬಂತೆ ಹಾಗೇ ಕರೆಯುತ್ತಿದ್ದರು. “ಮುಂದ ಈ ಗುರ್ತ ಇಟ್ರ ಆ ಸಾಲ ಮಷಿನ್ ಓದಲ್ಲ. ಮನಷ್ಯಾರ ಓದತಾರ.”

ನನ್ನ ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು ಹಿಡಿಸಿದ್ದರು. ನೆಟ್ ನಿಂತರೆ ಮೊದಲು ಏನು ನೋಡಬೇಕು, ಆಮೇಲೆ ಏನು ಎಂಬುದನ್ನೆಲ್ಲ ಅದರಲ್ಲಿ ನನ್ನಿಂದಲೇ ಬರೆಸಿದ್ದರು. ಕರೆಂಟು, ವೈರು, ಮಿಣುಕುವ ದೀಪ, ಆಮೇಲೆ ನಂಬರು. ನಾನು ಗಾಬರಿಯಾಗಿ ಫೋನ್ ಮಾಡಿದರೆ ಅವರು ಅವಸರ ಮಾಡದೆ, “ಮೊದಲ ವೈರ್ ನೋಡ್ರಿ, ಆಮ್ಯಾಲ ದೇವರಿಗಿ ನೆನಸರಿ,” ಅನ್ನುತ್ತಿದ್ದರು. ಹತ್ತರಲ್ಲಿ ಎಂಟು ಸಲ ದೇವರವರೆಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಒಮ್ಮೆ ದೀಪಾವಳಿಯ ಮನೆ ಸಾರಣೆಯ ಮರುದಿನ ನೆಟ್ ಸತ್ತೇ ಹೋಯಿತು. ಕರೆಂಟಿದೆ, ವೈರಿದೆ, ದೀಪ ಮಿಣುಕುತ್ತಿದೆ, ಆದರೆ ಒಂದು ಅಕ್ಷರ ಆಚೆ ಹೋಗುತ್ತಿಲ್ಲ. ಉದಗೀರದಿಂದ ಫೋನಿನಲ್ಲಿ ಒಂದು ತಾಸು ನನ್ನಿಂದ ಏನೇನೋ ಮಾಡಿಸಿದರು. ಕಡೆಗೆ ದಾರದ ಬಣ್ಣ ಕೇಳಿದರು. ದಾರಗಳೇ ಇರಲಿಲ್ಲ. ಅತ್ತೆಯನ್ನು ಕೇಳಿದರೆ ಹೊಲಸಾಗಿದ್ದವು, ಹಬ್ಬದ ಮನೆಯಲ್ಲಿ ಯಾಕೆಂದು ಬಿಚ್ಚಿ ಒಗೆದೆ ಅಂದರು. ವೈರುಗಳನ್ನೂ ಒರೆಸಿ, ಕಂಡ ತೂತಿಗೆ ಕಂಡದ್ದನ್ನು ಸಿಕ್ಕಿಸಿದ್ದರು. ಒಳಗಿನ ವೈರು ಹೊರಗಿನ ಕಾರ್ಡಿಗೆ ಹೋಗಿ, ಚೌಕೀದಾರ ಬೀದಿಗೆ ಬೆನ್ನು ತಿರುಗಿಸಿ ನಮ್ಮನ್ನೇ ಕಳ್ಳರೆಂದು ತಡೆಯುತ್ತಿದ್ದ. ಸರ್ ಫೋನಿನಲ್ಲಿ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮುಂದಿನ ವಾರ ಬಂದು ಅತ್ತೆಯ ಕೈಯಿಂದಲೇ ಹೊಸ ದಾರ ಕಟ್ಟಿಸಿದರು.

ಅವರ ಮಗಳ ಕಿವಿ ಚುಚ್ಚುವ ಕಾರ್ಯಕ್ಕೆ ನಾನೂ ನನ್ನ ಗಂಡನೂ ಸಾಸ್ತೂರಿಗೆ ಹೋಗಿದ್ದೆವು. ಭೂಕಂಪದ ಮೇಲೆ ಕಟ್ಟಿಕೊಟ್ಟ ಮನೆಗಳು, ಸಾಲಾಗಿ ಎಲ್ಲವೂ ಒಂದೇ ತರಹ. ಇವರ ಮನೆಯ ಬಾಗಿಲ ಒಳಬದಿಯಲ್ಲಿ ಚಿಲಕವೇ ಇರಲಿಲ್ಲ, ಅದು ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು ಮಾತ್ರ ಇದ್ದವು. ಊರ ಮನೆಗಳಿಗೆಲ್ಲ ಕಾವಲು ಹಾಕುವವರ ಮನೆಯಲ್ಲಿ ಒಂದು ಚಿಲಕಕ್ಕೆ ಗತಿಯಿಲ್ಲವಲ್ಲ ಎಂದು ಬಸ್ಸಿನಲ್ಲಿ ಗಂಡನ ಹತ್ತಿರ ಚೇಷ್ಟೆ ಮಾಡಿ ನಕ್ಕಿದ್ದೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಕೆಲಸ ಹಿಡಿದು ಎರಡು ವರ್ಷ ಆಗುತ್ತ ಬಂದಿತ್ತು. ಒಂದು ಶನಿವಾರ ಬೆಳಿಗ್ಗೆ ಮೇಲ್ವಿಚಾರಕಿ ಮತ್ತೆ ಫೋನ್ ಮಾಡಿದರು. ಕಂಪನಿಯವರು ಹೊರಗಿನಿಂದ ಎಲ್ಲರ ಮನೆಯ ಫೈರ್‌ವಾಲನ್ನೂ ತಟ್ಟಿ ನೋಡುತ್ತಿದ್ದರಂತೆ. ನನ್ನದು ಎರಡು ಸಲ ಬಂದ್ ಇತ್ತು, ಒಂದು ಸಲ ಪೂರಾ ತೆರೆದಿತ್ತು. ಯಾರು ಬೇಕಾದರೂ ಒಳಗೆ ಬರುವಂತಿತ್ತು ಎಂದರು. ಆಕೆ ಒಳ್ಳೆಯ ಹೆಂಗಸು, ದನಿ ಏರಿಸಲಿಲ್ಲ. ಇವತ್ತು ಸಂಜೆ ಆರರ ಒಳಗೆ ಮತ್ತೆ ನೋಡುತ್ತಾರೆ, ಯಾವಾಗ ಎಂದು ನನಗೂ ಹೇಳಿಲ್ಲ, ಆಗಲೂ ತೆರೆದದ್ದು ಕಂಡರೆ ನಿಮ್ಮ ಖಾತೆ ಮುಚ್ಚುತ್ತಾರೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂದರು.

ಸರ್‌ಗೆ ಫೋನ್ ಹಚ್ಚಿದೆ. ಶಾಲೆ ಬಿಟ್ಟ ಕೂಡಲೇ ಹೊರಡುತ್ತೇನೆ, ನಿಲಂಗಾದಲ್ಲಿ ಯಾರ ಮನೆಗೂ ಹೋಗದೆ ನೇರ ಬರುತ್ತೇನೆ ಅಂದರು. ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ ಬಂದು ಹೇಳುತ್ತೇನೆ ಅಂದರು. ಆ ಉತ್ತರ ನನಗೆ ಸರಿಬರಲಿಲ್ಲ.

ಎರಡು ಗಂಟೆಗೆ ಕರೆಂಟು ಹೋಯಿತು. ಆಗೆಲ್ಲ ಅದು ದಿನದ ಪಾಠ, ಹೋದರೆ ಐದರ ತನಕ ಇಲ್ಲ. ಇನ್ವರ್ಟರು ಹಳೆಯದು, ಬೆಳಿಗ್ಗೆಯ ಪಾಳಿಯಲ್ಲೇ ಸುಸ್ತಾಗಿತ್ತು. ಹತ್ತು ನಿಮಿಷ ಕುಂಯ್ ಎಂದು ಕೂಗಿ ಕಣ್ಣು ಮುಚ್ಚಿತು. ಚೌಕೀದಾರನೂ ಮಲಗಿದ. ನಾನು ಮಾಳಿಗೆಗೆ ಹೋಗಿ ಬಸ್‌ಸ್ಟ್ಯಾಂಡಿನ ದಾರಿ ನೋಡುವುದು, ಕೆಳಗೆ ಬಂದು ಗಡಿಯಾರ ನೋಡುವುದು, ಇದನ್ನೇ ಮಾಡುತ್ತಿದ್ದೆ. ಅವರ ಫೋನು ಹತ್ತುತ್ತಿರಲಿಲ್ಲ. ನಿಲಂಗಾ ದಾಟಿದರೆ ನಡುವೆ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ಇಪ್ಪತ್ತು ಸಲ ಹಚ್ಚಿರಬೇಕು. ಅತ್ತೆ ನನ್ನ ಮುಂದೆ ತಟ್ಟೆ ಇಟ್ಟರು, ತಿನ್ನದೆ ಇದ್ದದ್ದನ್ನು ನೋಡಿ ಎತ್ತಿಕೊಂಡು ಹೋದರು.

ನಾಲ್ಕಕ್ಕೆ ಸರ್ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ನೀರು ಕೂಡ ಕುಡಿಯದೆ ಅಪರಾಧಿಯಂತೆ ನಿಂತು ವಿಷಯ ಹೇಳಿದರು. ತಾವು ಹಾಕಿದ ಎಲ್ಲ ಡಬ್ಬಿಗಳಲ್ಲೂ ಅವರು ಒಂದು ಸಾಲು ಬರೆದಿದ್ದರು. ಡಬ್ಬಿ ಚಾಲೂ ಆದ ಮೊದಲ ಹತ್ತು ನಿಮಿಷ ಎಲ್ಲ ಬಾಗಿಲೂ ತೆರೆದಿರಬೇಕು, ಆಮೇಲೆ ಬಂದ್ ಆಗಬೇಕು. ನಿಯಮದಲ್ಲಿ ಎಲ್ಲಾದರೂ ತಪ್ಪಾಗಿ ಯಾರಿಗೂ ಒಳಗೆ ಹೋಗಲು ಬಾರದ ಹಾಗೆ ಸಿಕ್ಕಿಕೊಂಡರೆ, ಕರೆಂಟು ತೆಗೆದು ಹಾಕಿದರೆ ಸಾಕು, ಹತ್ತು ನಿಮಿಷ ಸಿಗುತ್ತದೆ, ಆ ಹೊತ್ತಿನಲ್ಲಿ ಸರಿಮಾಡಬಹುದು. ನಮ್ಮ ಡಬ್ಬಿಗೆ ಪರದೆಯೂ ಇರಲಿಲ್ಲ, ಕೀಬೋರ್ಡೂ ಇರಲಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಿ ಇಟ್ಟಿದ್ದೆವು. ಒಳಹೋಗಲು ವೈರಿನದೊಂದೇ ದಾರಿ.

ಕರೆಂಟು ಎಂದೂ ಹೋಗದ ಊರಿನಲ್ಲಿ ಅದು ನಡೆಯುತ್ತಿತ್ತೋ ಏನೋ. ನಮ್ಮಲ್ಲಿ ದಿನಕ್ಕೆ ಮೂರು ಸಲ ಹೋಗಿ ಮೂರು ಸಲ ಬರುತ್ತದೆ. ಮೂರು ಸಲವೂ ನನ್ನ ಮನೆ ಹತ್ತು ಹತ್ತು ನಿಮಿಷ ಬಟಾಬಯಲು. ಎರಡು ವರ್ಷದಿಂದ. ಯಾರದೋ ಕಾಯಿಲೆ, ಯಾರದೋ ಗರ್ಭ, ಯಾರದೋ ಕುಡಿತ, ನನ್ನನ್ನು ನಂಬಿ ಕಳಿಸಿದ ಆ ಮಾತುಗಳೆಲ್ಲ ತೆರೆದ ಬಾಗಿಲ ಮುಂದೆ ಇದ್ದವು ಎನ್ನುವುದು ಹೊಳೆದಾಗ ನನ್ನ ಹೆದರಿಕೆ ಸಿಟ್ಟಾಯಿತು. ಅತ್ತೆ ಅಲ್ಲೇ ಇದ್ದರು, ಅದರ ಎಚ್ಚರವೂ ಉಳಿಯಲಿಲ್ಲ.

“ಬಾಗಿಲ ಹಾಕಲಿಕ್ಕೇ ಬರಲ್ಲಂದ್ರ ಈ ಕೆಲಸ ಯಾಕ ಮಾಡ್ತೀರಿ ಸರ್ ನೀವು?” ಅಂದೆ.

ಅವರು ಮೆಟ್ಟಿಲ ಮೇಲೆ ಕೂತರು. ಕರೆಂಟು ಬರಲು ಇನ್ನೂ ಮುಕ್ಕಾಲು ತಾಸು ಇತ್ತು, ಅಲ್ಲಿಯ ತನಕ ಯಾರಿಗೂ ಮಾಡುವುದಕ್ಕೆ ಏನೂ ಇರಲಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಜಿಪ್ಪನ್ನು ಎಳೆಯುತ್ತ ಬಿಡುತ್ತ ಕೂತಿದ್ದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

“ಗಣಪತಿ ಕಳಸಲಿಕ್ಕ ಹೋಗಿದ್ದೆ ವೈನಿ, ಭೂಕಂಪದ ಹಿಂದಿನ ದಿನ. ಮನ್ಯಾಗ ನಮ್ಮವ್ವ ಒಬ್ಬಾಕಿನೇ. ಊರಾಗ ಕಳ್ಳರ ಸುದ್ದಿ ಇತ್ತು. ಒಳಗಿಂದ ಚಿಲಕಾ ಹಾಕ್ಕೊ, ಯಾರ್ ಬಂದ್ರೂ ತೆಗೀಬ್ಯಾಡ ಅಂತ ನಾನೇ ಹೇಳಿ ಹೋದೆ.”

ಜಿಪ್ಪು ಒಮ್ಮೆ ಹಿಂದೆ ಮುಂದೆ ಹೋಯಿತು.

“ಬೆಳಕ ಹರಿಯೂದ್ರಾಗ ಓಡಿ ಬಂದ ನೋಡಿದೆ. ಗ್ವಾಡಿ ಎಲ್ಲಾ ಕುಂತಿದ್ದವು. ಬಾಗಿಲ ಒಂದೇ ನಿಂತಿತ್ತು. ಚಿಲಕಾ ಹಾಕಿದ್ದು ಹಾಕಿದಂಗೇ ಇತ್ತು.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಸಾಸ್ತೂರಿನ ಆ ನಾಲ್ಕು ತೂತು ಕಣ್ಣ ಮುಂದೆ ಬಂದವು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿಯಿದ್ದರೆ ಏನು ಬೇಕಾದರೂ ಕೊಡುತ್ತಿದ್ದೆ.

“ನೀವು ಕೇಳಿದ್ದು ಬರೋಬರ್ ಅದ,” ಅಂದರು. “ಬಾಗಿಲ ಹಾಕೂದು ಕಲೀಬೇಕಂತನೇ ಈ ಕೆಲಸ ಹಿಡದೀನಿ. ಇನ್ನಾ ಬಂದಿಲ್ಲ.”

ಅತ್ತೆ ಒಳಗೆ ಹೋಗಿ ಚಹಾ ತಂದರು. ಸಕ್ಕರೆ ಜಾಸ್ತಿ ಬಿದ್ದಿತ್ತು. ನಾನು ಕುಡಿಯುತ್ತ ಗಡಿಯಾರ ನೋಡುತ್ತಿದ್ದೆ. ಇಷ್ಟು ಕೇಳಿದ ಮೇಲೂ ನನ್ನ ಎದೆ ಆರು ಗಂಟೆಯದನ್ನೇ ಬಡಿದುಕೊಳ್ಳುತ್ತಿತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಐದಕ್ಕೆ ಕರೆಂಟು ಬಂದರೆ ಡಬ್ಬಿ ಚಾಲೂ ಆಗುತ್ತದೆ, ಬಾಗಿಲು ತೆರೆಯುತ್ತದೆ, ಕಂಪನಿಯವರು ಆ ಗಳಿಗೆಗೇ ತಟ್ಟಿದರೆ ನನ್ನ ಕಥೆ ಮುಗಿಯಿತು. ಆಗ ಸರ್ ಹೇಳುತ್ತಿದ್ದ ಮಾತೇ ನೆನಪಾಯಿತು. ಮೊದಲು ವೈರ್ ನೋಡಬೇಕು. ಎದ್ದು ಹೋಗಿ ಕೆಂಪು ದಾರದ ವೈರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಈಗ ಹೊರಗೂ ಒಳಗೂ ಸಂಬಂಧವೇ ಇಲ್ಲ, ಬಾಗಿಲು ಎಷ್ಟು ತೆರೆದರೂ ಎದುರಿಗೆ ಬೀದಿಯೇ ಇಲ್ಲ. ಸರ್ ನನ್ನ ಕಡೆ ನೋಡಿ, ಕಷ್ಟದಲ್ಲಿಯೂ ಸ್ವಲ್ಪ ನಕ್ಕರು.

ಅವತ್ತು ಕರೆಂಟು ಐದೂ ಹತ್ತಕ್ಕೆ ಬಂತು. ಅಟ್ಟದಿಂದ ಹಳೆಯ ಮಾನಿಟರ್, ಕೀಬೋರ್ಡ್ ಇಳಿಸಿ ಒರೆಸಿ ಇಟ್ಟಿದ್ದೆವು. ಅವನ್ನು ಡಬ್ಬಿಗೆ ಹಚ್ಚಿದರು. ಫೈಲು ತೆರೆದರು. ಹತ್ತು ನಿಮಿಷದ ಸಾಲು ಪರದೆಯ ನಡುವೆ ಬಂತು. ಅವರ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ನಾನೇ ಮಾಡಿಬಿಡಬಹುದಿತ್ತು, ಒಂದು ಗುರುತು ಹಾಕುವುದು ನನಗೆ ಬರುತ್ತಿತ್ತು. ಆದರೆ ಅವರ ಕೈಯನ್ನು ಸರಿಸುವುದು ನನ್ನಿಂದ ಆಗಲಿಲ್ಲ.

“ಸರ್,” ಅಂದೆ, “ಈ ಮಾನಿಟರ್, ಕೀಬೋರ್ಡ್ ಇನ್ನ ಬಿಚ್ಚಲ್ಲ. ಹಿಂಗೇ ಇರತಾವ. ಹೊರಗಿಂದ ಎಲ್ಲಾ ಬಂದ್ ಆದ್ರೂ ಇದರ ಮುಂದ ಕುಂತಾಕಿಗಿ ತೆಗೀಲಿಕ್ಕ ಬರ್ತದ. ನೀವೇ ಬರಸೀರಿ, ನನ್ನ ಬುಕ್ಕಿನ್ಯಾಗ ಅದ. ನನಗ ಬರ್ತದ.”

ಅವರು ತಿರುಗಿ ನನ್ನನ್ನು ನೋಡಿದರು. ವಿದ್ಯಾರ್ಥಿ ಸರಿಯಾದ ಉತ್ತರ ಹೇಳಿದಾಗ ಮೇಷ್ಟ್ರು ನೋಡುವಂತೆ ಅಲ್ಲ, ಮಾತು ನಂಬಬಹುದೋ ಹೇಗೆ ಎಂದು ಅಳೆಯುವಂತೆ. ಎಲ್ಲಿ, ಮಾಡಿ ತೋರಿಸಿ ಅಂದರು. ನಾನು ನೋಟ್‌ಬುಕ್ಕು ನೋಡದೆಯೇ ಎಲ್ಲ ಬಾಗಿಲು ಬಂದ್ ಮಾಡಿ, ಅದೇ ಕೀಬೋರ್ಡಿನಿಂದ ಮತ್ತೆ ತೆರೆದು ತೋರಿಸಿದೆ. ಇನ್ನೊಮ್ಮೆ ಅಂದರು. ಇನ್ನೊಮ್ಮೆ ಮಾಡಿದೆ. ಆಗ ಅವರು ಆ ಸಾಲಿನ ಮುಂದೆ ಗುರುತು ಹಾಕಿದರು. ಪಕ್ಕದಲ್ಲಿ ಏನೋ ಹೊಡೆದರು, ಎಂದಿನಂತೆ ಕಾರಣ ಬರೆಯುತ್ತಿದ್ದಾರೆ ಅಂದುಕೊಂಡೆ. ನನ್ನ ಕಣ್ಣು ಗಡಿಯಾರದ ಮೇಲಿತ್ತು, ಐದೂವರೆ ದಾಟಿತ್ತು. ಕೊನೆಯ ಸಾಲಿಗೆ ಎದ್ದು ಹೋಗುತ್ತಾರೆಂದು ನಾನು ಕುರ್ಚಿಯ ಪಕ್ಕಕ್ಕೆ ಸರಿದೆ. ಅವರು ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ತಾವೇ ಎಂಟರ್ ಒತ್ತಿದರು.

ಮೇನ್ ಸ್ವಿಚ್ಚು ತೆಗೆದು ಹಾಕಿ, ಡಬ್ಬಿ ಏಳುವಾಗಲೇ ಬಾಗಿಲು ಬಂದಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಕೆಂಪು ದಾರದ ವೈರು ಸಿಕ್ಕಿಸಿದೆವು. ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಆರಕ್ಕೆ ಐದು ನಿಮಿಷ ಇರುವಾಗ ಆಕೆಯದೇ ಫೋನ್ ಬಂತು, ನೋಡಿದರು, ಬಂದ್ ಇದೆ, ಸೋಮವಾರದಿಂದ ಫೈಲು ಕಳಿಸುತ್ತೇವೆ ಎಂದು. ನಾನು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ. ಸರ್ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು, ಸಾಸ್ತೂರಿನ ಬಸ್ಸಿಗೆ ಹೊತ್ತಾಗಿತ್ತು. ಉಳಿದ ಮನೆಗಳ ಡಬ್ಬಿಗಳನ್ನೂ ಮುಂದಿನ ಶನಿವಾರಗಳಲ್ಲಿ ಒಂದೊಂದಾಗಿ ಸರಿಮಾಡಿದರೆಂದು ಆಮೇಲೆ ತಿಳಿಯಿತು. ಎಲ್ಲ ಮನೆಯಲ್ಲೂ ಮಾನಿಟರು ಹಚ್ಚಿಸಿ, ಯಾರಾದರೊಬ್ಬರಿಗೆ ಒಳಗಿನಿಂದ ತೆರೆಯುವುದನ್ನು ಕಲಿಸಿ, ಎರಡೆರಡು ಸಲ ಮಾಡಿ ತೋರಿಸಿಕೊಂಡೇ ಎದ್ದರಂತೆ. ನಿಲಂಗಾದ ಅಜ್ಜಿ ಕೂಡ ಕಲಿತರು ಎಂದು ವಕೀಲರು ಹೇಳುತ್ತಿದ್ದರು.

ಆಮೇಲೆಯೂ ಅವರು ನಮ್ಮ ಮನೆಗೆ ಬರುತ್ತಿದ್ದರು. ಫ್ಯಾನು ಬದಲಿಸಿದರು, ಒಮ್ಮೆ ಡಿಸ್ಕು ಬದಲಿಸಿ ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹಾಗೆಯೇ ಹೊಸದಕ್ಕೆ ತುಂಬಿದರು. ಆ ಸಂಜೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮೆ ಕೇಳುವುದು ಹಾಗೇ ಉಳಿಯಿತು. ಮುಂದಿನ ಶನಿವಾರ ಕೇಳಿದರಾಯಿತು ಎಂದು ಎಷ್ಟು ಶನಿವಾರ ಹೋದವು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ನಿಲಂಗಾದ ವಕೀಲರಿಂದ ಬಂತು. ನಿವೃತ್ತಿಯಾಗಿ ಒಂದು ವರ್ಷವೂ ಆಗಿರಲಿಲ್ಲ, ಹೃದಯದ ತೊಂದರೆ. ಅದೇ ವಾರ ನಮ್ಮ ಚೌಕೀದಾರ ಟಕ್ ಟಕ್ ಎಂದು ಸದ್ದು ಮಾಡತೊಡಗಿದ. ಡಿಸ್ಕು ಹೋಗುವ ಲಕ್ಷಣ ಅದು, ನೋಟ್‌ಬುಕ್ಕಿನಲ್ಲಿ ಇದೆ. ಅತ್ತೆ ಈಗಿಲ್ಲ, ಇದ್ದಿದ್ದರೆ ಅವನಿಗೂ ಗೊತ್ತಾಯಿತು ಅನ್ನುತ್ತಿದ್ದರು. ಅಂಗೈಯಗಲದ ಹೊಸ ಪೆಟ್ಟಿಗೆಯೊಂದನ್ನು ತರಿಸಿ, ಹಳೆಯದು ಪೂರಾ ಸಾಯುವ ಮೊದಲು ಅದರ ನಿಯಮಗಳನ್ನು ಇದಕ್ಕೆ ಬರೆದುಕೊಳ್ಳಲು ಕೂತೆ. ಇಷ್ಟು ವರ್ಷ ನಾನು ಆ ಫೈಲಿಗೆ ಕೈ ಹಾಕಿದವಳಲ್ಲ. ನಡೆಯುತ್ತಿರುವುದನ್ನು ಮುಟ್ಟಲು ನನಗೆ ಹೆದರಿಕೆ.

ಒಂದು ಪರದೆಯಲ್ಲಿ ನೋಡಿ ಇನ್ನೊಂದರಲ್ಲಿ ಒಂದೊಂದೇ ಸಾಲು ಹೊಡೆದೆ. ಗುರುತು ಹಾಕಿ ಬಿಟ್ಟ ಸಾಲುಗಳು ನಡುನಡುವೆ ಬರುತ್ತಿದ್ದವು, ಪಕ್ಕದಲ್ಲಿ ಅವರ ಮಾತು. ‘ವೈನಿ ಅತ್ತಿ ದಾರ ಬಿಚ್ಚಿದ್ದಕ್ಕ ಕಾರ್ಡ್ ಅದಲಬದಲ ಮಾಡಿದ್ದು.’ ‘ಇದು ನನ್ನ ತಪ್ಪು, ವೈನಿದಲ್ಲ.’ ಓದಿ ನಗುತ್ತ, ಅವರ ದನಿ ಕೇಳಿಸಿಕೊಳ್ಳುತ್ತ ಮುಂದೆ ಹೋದೆ. ಹತ್ತು ನಿಮಿಷದ ಸಾಲು ಬಂತು, ಮುಂದೆ ಗುರುತು ಇತ್ತು. ಅದರ ಪಕ್ಕ ಅವತ್ತು ನಾನು ಗಡಿಯಾರ ನೋಡುತ್ತಿದ್ದಾಗ ಅವರು ಹೊಡೆದದ್ದು ಇತ್ತು. ಕಾರಣ ಅಂದುಕೊಂಡಿದ್ದೆನಲ್ಲ, ಅದು ಪತ್ರ.

‘ಅವ್ವಾ, ಈ ಮನಿ ಒಳಗ ಇದ್ದಾಕಿಗಿ ತೆಗೀಲಿಕ್ಕ ಬರ್ತದ.’

ಬಹಳ ಹೊತ್ತು ಅಲ್ಲಿಂದ ಮುಂದೆ ಹೋಗಲಿಲ್ಲ. ಹೊಸ ಪೆಟ್ಟಿಗೆಗೆ ಆ ಸಾಲು ಬೇಕಿಲ್ಲ, ಅದು ಓದುವುದೂ ಇಲ್ಲ. ಒಂದಕ್ಷರ ಬಿಡದೆ ಹೊಡೆದೆ, ಮುಂದೆ ಗುರುತನ್ನೂ ಹಾಕಿದೆ. ‘ಉಳಿದದ್ದೆಲ್ಲ ಬಂದ್’ ಬಂದಾಗ ಅಂಗಳದ ಕಡೆ ಒಮ್ಮೆ ನೋಡಿ, ಎಂಟರ್ ಒತ್ತಿದೆ.